ಮುಲ್ಲಾ ಚಾಚಾನ ಕೋಳಿ

ಎಣ್ಣೆಯಲ್ಲಿ ಅರಿಶಿನ ಕಾಯುವ ವಾಸನೆ ಬಂದರೆ ಈಗಲೂ ನನ್ನ ಅಂಗೈಗೆ ಒಂದು ಕೋಳಿಯ ಮೈಯ ಬಿಸುಪು ತಾಗುತ್ತದೆ.

ಅದು ಪೊಲೀಸ್ ಆ್ಯಕ್ಷನ್ ಆದ ವರ್ಷ. ಮಕ್ತಲದ ನಮ್ಮ ಓಣಿಯಲ್ಲಿ ಯಾರ ಮನೆಗೆ ನೆಂಟರು ಬಂದರೂ ಕೋಳಿ ಕೊಯ್ಯಲು ಪಕ್ಕದ ಮನೆಯ ಮುಲ್ಲಾ ಚಾಚಾನೇ ಬರಬೇಕಿತ್ತು. ಭಾರತದ ಸೈನ್ಯ ಬಂದ ಮೇಲೆ ಮುಸಲ್ಮಾನರ ಮೇಲೆ ಎದ್ದ ಗಲಾಟೆಗೆ ಹೆದರಿ ಚಾಚಾ, ಅವನ ಹೆಂಡತಿ ಚಾಚಿ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಅವರ ಹಿತ್ತಲಲ್ಲಿ ಉಳಿದ ಕೋಳಿಗಳು ನೀರಿಲ್ಲದೆ ತೂಕಡಿಸುತ್ತಿದ್ದವು. ಕೆಂಪು ಹೇಂಟೆಯ ರೆಕ್ಕೆಯನ್ನು ನಾಯಿ ಹರಿದಿತ್ತು. ಅಜ್ಜಿ ಎಲ್ಲವನ್ನೂ ನಮ್ಮ ಮನೆಗೆ ತಂದಳು. ನಾನು ಹೇಂಟೆಯನ್ನು ಹಿಡಿದುಕೊಂಡರೆ ಅವಳು ಅರಿಶಿನದೆಣ್ಣೆ ಹಚ್ಚಿ, ಜೋಳದ ನುಚ್ಚು ತಿನ್ನಿಸುತ್ತಿದ್ದಳು.

"ಇವು ಅವರವು. ಬಂದ ಮ್ಯಾಲೆ ಕೊಡಾಕ ಬೇಕು," ಎನ್ನುತ್ತಿದ್ದಳು.

ಗಾಯ ಮಾಯ್ದ ಮೇಲೆ ಒಂದು ಮಧ್ಯಾಹ್ನ ಚಾಚಿ ಒಬ್ಬಳೇ ಬಂದಳು. ಕೈಯಲ್ಲಿ ಬಳೆ ಇರಲಿಲ್ಲ. ಅಜ್ಜಿ ಆ ಕೈ ಹಿಡಿದು ಕುಳಿತಳು. ನಾನು ಹೇಂಟೆಯನ್ನು ಎತ್ತಿಕೊಂಡು ಓಡಿಬಂದೆ.

"ನೋಡ್ರಿ ಚಾಚಿ, ಎಷ್ಟು ದಪ್ಪ ಆಗೈತಿ! ಚಾಚಾನ್ನ ಕರೀರಿ, ಕೊಯ್ಯಾಕ."

ಚಾಚಿ ಅದನ್ನು ಮಡಿಲಿಗೆ ಎಳೆದುಕೊಂಡು, ರೆಕ್ಕೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಕೊಯ್ಯೋದು ಬ್ಯಾಡ, ಬೇಟಾ."

ಸಣ್ಣದಕ್ಕೂ ಬೈಯುವ ಅಜ್ಜಿ ಅಂದು ನನ್ನನ್ನು ಬೈಯಲಿಲ್ಲ.