ಜಾಮೀನುದಾರ

“ಜಾಮೀನು ನಾ ಆಗ್ತೀನ್ರಿ ಮೇಡಂ,” ಎಂದು ಮಹಾರುದ್ರಪ್ಪ ತನ್ನ ಹೊಲದ ಪಹಣಿಯನ್ನು ಚಹಾದಂಗಡಿಯ ಮೇಜಿನ ಮೇಲಿಟ್ಟ.

ವಕೀಲೆ ಜಯಮಾಲಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮರಿ ಕದ್ದನೆಂದು ಕುರಿಗಾರ ಅಮೋಘಸಿದ್ದಪ್ಪನ ಮೇಲೆ ಕೇಸು ಹಾಕಿದವನೇ ಈ ಘಾಟಬೋರಾಳದ ಸಾಹುಕಾರ! ಹುಟ್ಟಿದ ಮರಿಗಳಲ್ಲಿ ಕುರಿ ಕಾಯುವವನಿಗೂ ಪಾಲು ಎಂಬುದು ಇಬ್ಬರ ನಡುವಿನ ಬಾಯಿಮಾತು. ಆ ಪಾಲನ್ನು ಧಣಿಗೆ ಹೇಳದೆ ಹೊಡೆದುಕೊಂಡು ಹೋದದ್ದೇ ಕಳ್ಳತನವಾಯಿತು. ಕೋರ್ಟು ಜಾಮೀನು ಕೊಟ್ಟು ತಿಂಗಳುಗಳೇ ಕಳೆದರೂ ಅವನಿನ್ನೂ ಜೈಲಿನಲ್ಲೇ ಇದ್ದ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಪಹಣಿ ಇದ್ದವನೊಬ್ಬ ಹೊಣೆ ನಿಲ್ಲಬೇಕು. ಕುರಿ ಹಿಂದೆ ಊರೂರು ತಿರುಗುವವರ ಪೈಕಿ ಹೊಲ ಯಾರಿಗಿದೆ?

ಇಂಥವರನ್ನು ಅವರದೇ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಜಯಮಾಲಾ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸು ಹತ್ತಿ ಹತ್ತಿ, ಮನವಿ ಕೊಟ್ಟು ಕೊಟ್ಟು ದಣಿದಿದ್ದಳು. ಕಾನೂನು ನೆರವು ಸಮಿತಿಯ ಪ್ರತಿ ಸಭೆಯಲ್ಲೂ ದೊಡ್ಡವರೆಲ್ಲ ತಲೆದೂಗುತ್ತಿದ್ದರು, ವಿಷಯ ಮುಂದಿನ ಸಭೆಗೆ ಹೋಗುತ್ತಿತ್ತು. ಇವತ್ತಿನ ಸಭೆಯದೂ ಅದೇ ಹಾಡು.

“ಅಷ್ಟು ಕರುಣೆ ಬಂದಿದ್ದರ ಕೇಸ್ ವಾಪಸ್ ತಗೋರಿ,” ಎಂದಳು.

“ಕರುಣೆ ಅಲ್ರಿ. ಆಳಿನ ಮ್ಯಾಲ ಆಳು ಬದಲ್ ಮಾಡಿದೆ, ಕುರಿ ಯಾರ ಮಾತೂ ಕೇಳವಲ್ಲವು. ಅವನ ದನಿ ಕೇಳಿದರಷ್ಟ ಎದ್ದು ಬರ್ತಾವ.” ಮಹಾರುದ್ರಪ್ಪ ಬಸಿಗೆ ಚಹಾ ಸುರಿದುಕೊಂಡ. “ಕೇಸ್ ಇರಲಿ. ಕೇಸ್ ಇದ್ದರ ಅಂವ ನನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ. ನಾನೂ ಬೇಫಿಕರ್.”

ಜಯಮಾಲಾಳಿಗೆ ಮೈ ಉರಿಯಿತು. ಬಾಗಿಲ ಬಳಿ ಕೂತಿದ್ದ ಅಮೋಘಸಿದ್ದಪ್ಪನ ಹೆಂಡತಿ ಬಾಳಮ್ಮನನ್ನು ಹೊರಗೆ ಕರೆದುಕೊಂಡು ಹೋದಳು.

“ಒಪ್ಪಬ್ಯಾಡ ಬಾಳಮ್ಮ. ಇನ್ನ ನಿಮ್ಮವರು ಪಾಲು ಕೇಳಂಗಿಲ್ಲ, ಬಿಟ್ಟು ಹೋಗಂಗಿಲ್ಲ. ಎದುರು ಮಾತಾಡಿದರ ಈ ಮನಷ್ಯಾ ಜಾಮೀನು ವಾಪಸ್ ತಗೋತಾನ, ಮತ್ತ ಜೈಲು. ಮುಂದಿನ ತಿಂಗಳ ಸಭೆದಾಗ ನಾ—”

“ಬ್ಯಾಸಗ್ಯಾಗೂ ಮುಂದಿನ ತಿಂಗಳ ಅಂದಿದ್ರಿ, ಅಕ್ಕಾರ.” ಬಾಳಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಜಯಮಾಲಾಳಿಗೆ ಎಷ್ಟೋ ಹಗುರಾಗುತ್ತಿತ್ತು. “ನಮ್ಮವ್ರು ಹುಟ್ಟಿದಾಗಿಂದ ಸೂರಿನ ಕೆಳಗ ಮಲಗಿದವರಲ್ಲ. ಒಳಗ ಊಟಾನೂ ಬಿಟ್ಟಾರ. ಕಟ್ಟಿ ಹಾಕಿದರೂ ಬಯಲಾಗ ಇರ್ತಾರಲ್ರಿ. ಬರೀರಿ.”

ಜಯಮಾಲಾ ಬರೆದಳು. ಬಡವರಿಂದ ಕೇಳಬೇಡಿ ಎಂದು ಇಷ್ಟು ದಿನ ಬಾಯಿ ನೋಯಿಸಿಕೊಂಡಿದ್ದ ಅದೇ ಹೊಣೆಯ ಕಾಗದವನ್ನು ತನ್ನ ಕೈಯಾರೆ ಬರೆದಳು. ಕೋರ್ಟು ಒಪ್ಪಿತು. ಎಲ್ಲ ಕಾಯಿದೆ ಪ್ರಕಾರವೇ ಇತ್ತು, ಯಾಕೆ ಒಪ್ಪುವುದಿಲ್ಲ?

ಸಂಜೆ ಅಮೋಘಸಿದ್ದಪ್ಪ ಜೈಲಿನಿಂದ ಹೊರಬಂದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕಾಯುತ್ತಿದ್ದ ಮೂವರನ್ನೂ ನೋಡಿದ. ನೆಟ್ಟಗೆ ಹೋಗಿ ಮಹಾರುದ್ರಪ್ಪನ ಕಾಲಿಗೆ ಬಿದ್ದ.

“ನೀವು ಬರಲಿಲ್ಲಂದ್ರ ನಾ ಒಳಗ ಸಾಯ್ತಿದ್ದೆ, ಧಣಿ.”

ಮಹಾರುದ್ರಪ್ಪ ಅವನ ಭುಜ ಹಿಡಿದೆತ್ತಿದ. ಜಯಮಾಲಾಳ ಕಡೆ ಕೈ ತೋರಿಸಿ, ದೊಡ್ಡ ಮನಸ್ಸಿನಿಂದ ಹೇಳಿದ:

“ಅವರಿಗೂ ಒಂದು ಕೈ ಮುಗಿಯೋ. ಕಾಗದ ಬರದವರು ಅವರ.”