ಚಂಪಿಯ ಹಾಲು

ಅರಿಶಿನ ಹಾಕಿ ಕಾಯಿಸಿದ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಕುರಿ ಕಾಯುವ ನಮ್ಮ ನಾಯಿ ಚಂಪಿಗೆ ಇನ್ನು ಮರಿಯಾಗದಂತೆ ಅಪ್ಪ ಸೊಲ್ಲಾಪುರದ ದನದ ದವಾಖಾನೆಯಲ್ಲಿ ಹೊಟ್ಟೆ ಕೊಯ್ಯಿಸಿ, ಕಂಬಳಿಯಲ್ಲಿ ಹೊತ್ತು ನಮ್ಮೂರು ಕುರನೂರಿಗೆ ತಂದಿದ್ದ. ಆ ರವಿವಾರ ಮಧ್ಯಾಹ್ನ ಅವ್ವ ಚಂಪಿಯ ಹೊಲಿಗೆಗೆ ಆ ಎಣ್ಣೆ ಹಚ್ಚುತ್ತಿದ್ದಳು. ಅವಳು ಏಳನೆಯ ಕೂಸು ಹೆತ್ತು ಹದಿಮೂರು ದಿನವಾಗಿತ್ತಷ್ಟೆ.

ರವಿವಾರ ಮೈಲಾರ ದೇವರ ವಾರ, ನಾಯಿ ಅವನ ಸಂಗಾತಿ ಎಂದು ಅಪ್ಪ ನಾಯಿಯ ಮುಂದೆ ಹಾಲಿಟ್ಟು ಕೈಮುಗಿದ. “ತಿಂಗಳತನಕ ಇದನ್ನ ಏಳಿಸಬ್ಯಾಡ್ರಿ ಅಂದಾನ ಡಾಕ್ಟರ. ನೀ ಏಳು, ಕುರಿಗೋಳಿಗೆ ನೀರ ಕುಡಿಸಿ ಬಾ,” ಎಂದು ಅವ್ವನಿಗೆ ಹೇಳಿದ.

ಅವ್ವ ಚಂಪಿಯ ತಲೆ ಸವರಿದಳು. “ಮಲಕೋ ನನ್ನವ್ವ. ಹಡಿಯೂದರಿಂದ ನಿಂದಾದರೂ ಸುಟಕಾ ಆತು.”

ನಾನು ಹಾಲಿನ ಬಟ್ಟಲೆತ್ತಿ ಅವ್ವನಿಗೆ ಕೊಟ್ಟೆ. “ಅದು ದೇವರ ಹಾಲು,” ಎಂದು ಅಪ್ಪ ನನ್ನ ಕೆನ್ನೆಗೆ ಬಾರಿಸಿದ.

ಅವ್ವ ಬಟ್ಟಲನ್ನು ಮತ್ತೆ ನಾಯಿಯ ಮುಂದಿಟ್ಟು, ಸೆರಗು ಬಿಗಿದುಕೊಂಡು ಕುರಿಗಳ ಹಿಂದೆ ಹೋದಳು.