ಹುಳ ತೆಗೆಸಿದ ದಿನ

ತೀರಿಹೋದ ಗಂಡನ ಹೆಸರಿನಲ್ಲಿ ಬಂದ ಈಮೇಲನ್ನು ಕಸ್ತೂರೆವ್ವ ತೆರೆದೇಬಿಟ್ಟಳು. ಎಲ್ಲರಿಗೂ ಇರುವಂತೆ ಅವಳ ಕಿವಿಯ ಹಿಂದೆಯೂ ಇದ್ದ, ನೆನಪುಗಳನ್ನು ಕಾಯುವ ಚಿಪ್‌ನೊಳಗೆ ಆ ಈಮೇಲಿನಲ್ಲಿ ಅಡಗಿದ್ದ ವೈರಸ್ ಹುಳ ಹೊಕ್ಕಿತು. ಅವಳ ನೆನಪಿನಲ್ಲಿದ್ದವರಿಗೆಲ್ಲ ಅವಳದೇ ಧ್ವನಿಯಲ್ಲಿ ತನ್ನನ್ನೇ ಕಳಿಸತೊಡಗಿತು. ಆ ಸಂದೇಶ ತೆರೆದ ಅವಳ ತಂಗಿ ಅಂದಿನಿಂದ ಮಾತು ಕಳೆದುಕೊಂಡಳು.

ಗದಗಿನ ಆಸ್ಪತ್ರೆಯಲ್ಲಿ ನರ್ಸ್ ಹೇಳಿದಳು: "ಗುರುತಿನ ಮಂದೀನೆಲ್ಲ ನೆನಪಿನಿಂದ ಅಳಸಬೇಕ್ರೀ. ಇಲ್ಲಾಂದ್ರ ಹುಳ ಸಾಯಂಗಿಲ್ಲ."

"ನನ್ನ ಮಗಳೊಬ್ಬಾಕಿನ್ನ ಉಳಸ್ರೀ."

"ಉಳಿಸಿದ್ರ ಅದು ಆಕಿ ಕಡೇನ ಹೋಗ್ತದ್ರೀ."

ಕಸ್ತೂರೆವ್ವ ಪಕ್ಕದಲ್ಲಿ ನಿಂತಿದ್ದ ಮಗಳು ಶಾಂತಲೆಯ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ಅಳಸ್ರೀ" ಎಂದಳು.

ನೆನಪು ಅಳಿಸಿಕೊಂಡು ಅವಳು ಹೊರಬಂದಾಗ ಬಾಗಿಲಲ್ಲಿ ಶಾಂತಲೆ ಬಿಕ್ಕುತ್ತ ನಿಂತಿದ್ದಳು. ಕಸ್ತೂರೆವ್ವ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಅಳಬ್ಯಾಡವ್ವಾ. ಒಳಗ ನಿಮ್ಮವರು ಯಾರರ ಅದಾರೇನು?"